ಅಪ್ಪ ಹೇಳಿದ ಹನ್ನೆರಡು ನಿಮಿಷ

ಒದ್ದೆಯಾದ ಉಣ್ಣೆಯ ಕೈಗವಸು ಕಾರಿನ ಹೀಟರಿನ ಗಾಳಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ನೆನೆದ ನಾಯಿಯದೂ ಅಲ್ಲ, ಇಸ್ತ್ರಿ ಮಾಡುತ್ತಿರುವ ಬಟ್ಟೆಯದೂ ಅಲ್ಲ, ಎರಡರ ನಡುವಿನದು. ಸ್ಯಾನ್ ಡಿಯೇಗೋದಂಥ ಊರಿನಲ್ಲಿ ಇರುವವರಿಗೆ ಅದು ಮೂಗಿಗೆ ಬೀಳುವುದೇ ಅಪರೂಪ. ಹೋದ ಚಳಿಗಾಲದಲ್ಲಿ ಗೆಳತಿಯರು ಹಿಮ ನೋಡೋಣ ಎಂದು ನನ್ನನ್ನು ಬೆಟ್ಟಕ್ಕೆ ಎಳೆದುಕೊಂಡು ಹೋದರು. ಹಿಂದಿರುಗುವಾಗ ಯಾರೋ ತಮ್ಮ ಕೈಗವಸುಗಳನ್ನು ಹೀಟರಿನ ಮುಂದೆ ಹರವಿದರು. ನಾನು ಕಿಟಕಿ ಇಳಿಸಿಬಿಟ್ಟೆ. ಅವರಿಗೆ ಚಳಿಯಾಯಿತು, ಬೈದರು. ನನಗೆ ಮಾತ್ರ ಆ ಕಾರು ನಮ್ಮ ಹಳೆಯ ಕಾರಾಗಿತ್ತು, ನನಗೆ ಹತ್ತು ವರ್ಷವಾಗಿತ್ತು, ಪಕ್ಕದಲ್ಲಿ ಅಣ್ಣ ತುಟಿ ಬಿಗಿಹಿಡಿದು ಕೂತಿದ್ದ.

ಆಗ ನಾವು ಹಿಮವೇ ಬೀಳದ ಸೆರಿಟೋಸ್‌ನಲ್ಲಿದ್ದೆವು. ಒಂದೇ ಅಂತಸ್ತಿನ ಮನೆ, ಹಿತ್ತಲಲ್ಲಿ ವರ್ಷವಿಡೀ ಕಾಯಿ ಬಿಡುವ ಒಂದು ನಿಂಬೆ ಗಿಡ, ಅಡುಗೆಮನೆಯ ಮೂಲೆಯಲ್ಲಿ ಅಮ್ಮ ಶನಿವಾರ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಿಂದ ತಂದ ಸಾಮಾನಿನ ಚೀಲಗಳು. ಭಾನುವಾರ ಬೆಳಗಾದರೆ ಅವರೇಕಾಳಿನ ಉಪ್ಪಿಟ್ಟಿನ ಪರಿಮಳ, ಟಿವಿಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಗದ್ದಲ. ನೋಡುತ್ತಿದ್ದವರು ನಾನು ಮತ್ತು ಅಣ್ಣ ಸುಹಾಸ. ಉತ್ತರದ ಊರುಗಳಲ್ಲಿ ಹಿಮ ಬೀಳುತ್ತಿರುವಾಗಲೇ ಆಟ ನಡೆಯುತ್ತಿತ್ತು. ಆಟಗಾರರ ಬಾಯಿಂದ ಹಬೆ ಏಳುತ್ತಿತ್ತು. ಅಮ್ಮ ಸೌಟು ಹಿಡಿದು ಬಂದು ಒಮ್ಮೆ ನೋಡಿ, "ಪಾಪ, ಇವರಿಗೆ ಮನೆ ಮಠ ಇಲ್ವಾ" ಎಂದು ಒಳಗೆ ಹೋಗುತ್ತಿದ್ದಳು. ಅಪ್ಪ ಅತ್ತ ಸುಳಿಯುತ್ತಲೇ ಇರಲಿಲ್ಲ. ಅವರದು ಕ್ರಿಕೆಟ್ ಜೀವ. ಈ ದೇಶದಲ್ಲಿ ಎಂಟು ವರ್ಷ ಇದ್ದೂ ಒಂದೇ ಒಂದು ಫುಟ್‌ಬಾಲ್ ಆಟವನ್ನು ಪೂರ್ತಿ ನೋಡಿದವರಲ್ಲ. ಅಣ್ಣ ಹೈಸ್ಕೂಲ್ ಟೀಮಿನಲ್ಲಿ ಆಡುತ್ತಿದ್ದ, ಆದರೆ ಆಟಗಳೆಲ್ಲ ಶುಕ್ರವಾರ ಸಂಜೆ, ಅಪ್ಪನ ಕೆಲಸ ಮುಗಿಯದ ಹೊತ್ತು.

ಅಪ್ಪನ ಕೆಲಸವೇ ಚಳಿ. ಎಲ್ ಸೆಗುಂಡೋದ ಒಂದು ಕಂಪನಿಯಲ್ಲಿ ಉಪಗ್ರಹದ ಬಿಡಿಭಾಗಗಳನ್ನು ದೊಡ್ಡ ಉಕ್ಕಿನ ಕೋಣೆಯೊಳಗಿಟ್ಟು, ಆಕಾಶದಲ್ಲಿರುವಂಥ ಚಳಿಗೆ ಒಡ್ಡಿ, ಯಾವುದು ಎಷ್ಟು ಹೊತ್ತು ತಡೆಯುತ್ತದೆ ಎಂದು ಬರೆದುಕೊಳ್ಳುವುದು. ಕನ್ನಡದ ಸ್ನೇಹಿತರು ಅವರನ್ನು 'ಕೋಲ್ಡ್ ಸ್ಟೋರೇಜ್ ರಾಯರು' ಎಂದು ಛೇಡಿಸುತ್ತಿದ್ದರು. ಛೇಡಿಸಿದರೂ ಏನೇ ಸಂಶಯ ಬಂದರೂ ಫೋನು ಬರುತ್ತಿದ್ದದ್ದು ಅವರಿಗೇ. ಫ್ರಿಜ್ ಯಾಕೆ ಸೋರುತ್ತದೆ, ಹೆಪ್ಪು ಯಾಕೆ ಕೂರುವುದಿಲ್ಲ, ಕಾರಿಗೆ ಯಾವ ಟೈರು ಹಾಕಿಸಬೇಕು. ಅಪ್ಪ ಕಣ್ಣು ಮುಚ್ಚಿ ಒಂದು ನಿಮಿಷ ಯೋಚಿಸಿ ಉತ್ತರ ಕೊಡುತ್ತಿದ್ದರು. ಉತ್ತರ ತಪ್ಪಿದ್ದು ನನಗೆ ನೆನಪಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬಹುದು. ಅವರು ಇರುವಷ್ಟು ದಿನ ಮಕ್ಕಳಿಗೆ ಪ್ರಪಂಚದ ಬಗ್ಗೆ ಭಯವಿರುವುದಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಅಣ್ಣನ ಟೀಮು ನಾಕೌಟ್ ಹಂತಕ್ಕೆ ಬಂತು. ಮುಂದಿನ ಆಟ ಬೆಟ್ಟದ ಮೇಲಿನ ಒಂದು ಸಣ್ಣ ಊರಿನ ಶಾಲೆಯ ಮೈದಾನದಲ್ಲಿ. ಆ ವಾರ ಅಲ್ಲಿ ಎಂದೂ ಕಾಣದ ಚಳಿ ಬೀಳುತ್ತದೆ, ಹಿಮದ ಜೊತೆ ಗಾಳಿಯೂ ಇರುತ್ತದೆ ಎಂಬ ಸುದ್ದಿ ಬಂದಾಗ ತಾಯಂದಿರು ಗಾಬರಿಯಾದರು. ಆಟವನ್ನು ಶುಕ್ರವಾರ ಸಂಜೆಯ ಬದಲು ಶನಿವಾರ ಮಧ್ಯಾಹ್ನಕ್ಕೆ ಹಾಕಿದರು. ಆದರೂ ಆಡಿಸಬೇಕೋ ಬೇಡವೋ ಎಂದು ಕೇಳಲು ಕೋಚ್ ಎಲ್ಲ ತಂದೆತಾಯಿಗಳನ್ನು ಶಾಲೆಯ ಊಟದ ಕೋಣೆಗೆ ಕರೆದರು. ನಾವು ಹೋಗದಿದ್ದರೆ ಸೋತಂತೆ. ಅಣ್ಣನಿಗೆ ಅದು ಶಾಲೆಯ ಕೊನೆಯ ವರ್ಷ. ಒಬ್ಬ ತಂದೆ ಎದ್ದು, ಉತ್ತರದಲ್ಲಿ ಇದಕ್ಕಿಂತ ಚಳಿಯಲ್ಲಿ ಮಕ್ಕಳು ಆಡುತ್ತಾರೆ, ನಮ್ಮವರೇನು ಬೆಣ್ಣೆಯೇ ಎಂದರು. ಒಬ್ಬ ತಾಯಿ, ಆ ಮಕ್ಕಳು ಆ ಚಳಿಯಲ್ಲೇ ಬೆಳೆದವರು, ನಮ್ಮವರು ಸ್ವಲ್ಪ ಮೋಡವಾದರೆ ಸ್ವೆಟರ್ ಹುಡುಕುತ್ತಾರೆ ಎಂದರು. ಮಾತಿಗೆ ಮಾತು ಬೆಳೆಯಿತು. ಆಗ ಅಪ್ಪನ ಆಫೀಸಿನವರೇ ಆದ ಮೈಕ್ ಅಂಕಲ್ ನಮ್ಮ ಕಡೆ ಕೈ ತೋರಿಸಿ, "ಚಳಿಯ ವಿಷಯ ಬಲ್ಲವರು ಇಲ್ಲೇ ಇದ್ದಾರಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ತಿರುಗಿ ನೋಡಿದರು.

ಅಪ್ಪನ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. ಆ ಶಾಲೆಯಲ್ಲಿ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. ಅವರ ಹೆಸರನ್ನು ಸರಿಯಾಗಿ ಹೇಳುವವರೂ ಅಲ್ಲಿರಲಿಲ್ಲ. ಅವರು ಎದ್ದು ನಿಂತು ಅಂಗಿಯ ತೋಳು ಸರಿಮಾಡಿಕೊಂಡು, ಹುಡುಗರು ಒಂದು ಸಲಕ್ಕೆ ಎಷ್ಟು ಹೊತ್ತು ಹೊರಗಿರುತ್ತಾರೆ ಎಂದು ಕೇಳಿದರು. ಒಂದು ಕ್ವಾರ್ಟರಿಗೆ ಹನ್ನೆರಡು ನಿಮಿಷ, ಅಂಥವು ನಾಲ್ಕು, ಎಂದರು ಕೋಚ್. ಅಪ್ಪ ಒಂದು ಲಕೋಟೆಯ ಹಿಂದೆ ಲೆಕ್ಕ ಹಾಕಿದರು. ಗಾಳಿ, ಒದ್ದೆ ಕೈ, ಬಯಲು. ಕೊನೆಗೆ ಹೇಳಿದರು: ಹನ್ನೆರಡು ನಿಮಿಷಕ್ಕೊಮ್ಮೆ ಕೈಕಾಲು ಬೆಚ್ಚಗೆ ಮಾಡಿಸಿದರೆ ಏನೂ ಆಗುವುದಿಲ್ಲ. ಇಪ್ಪತ್ತು ಎಂದಿದ್ದರೆ ನಾನೇ ಬೇಡ ಎನ್ನುತ್ತಿದ್ದೆ, ಎಂದೂ ಸೇರಿಸಿದರು.

ಫುಟ್‌ಬಾಲ್ ಬಲ್ಲವರಿಗೆ ಇಲ್ಲೇ ಎದೆ ಧಸಕ್ಕೆನ್ನಬೇಕು. ಆ ಆಟದ ಗಡಿಯಾರ ಸುಮ್ಮನೆ ಓಡುವುದಿಲ್ಲ. ಚೆಂಡು ಗೆರೆ ದಾಟಿದರೆ ನಿಲ್ಲುತ್ತದೆ, ಕೈತಪ್ಪಿ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ, ರೆಫರಿ ತಪ್ಪು ಹಿಡಿದರೆ ನಿಲ್ಲುತ್ತದೆ. ಅದರ ಹನ್ನೆರಡು ನಿಮಿಷ ಮುಗಿಯಲು ನಮ್ಮ ಕೈಗಡಿಯಾರದಲ್ಲಿ ಅರ್ಧ ಗಂಟೆ ದಾಟುವುದುಂಟು. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು, ಹಾಗಾಗಿಯೇ ಅಪ್ಪನಿಗೂ ಗೊತ್ತಿದೆ ಎಂದುಕೊಂಡರು. ಅವರಿಗೆ ಗೊತ್ತಿಲ್ಲ ಎಂಬುದು ಗೊತ್ತಿದ್ದವರು ನಾನು ಮತ್ತು ಅಣ್ಣ, ಇಬ್ಬರೇ. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಒತ್ತಿ ಹಿಡಿದ. ಅವನ ಮುಖ ನೋಡಿದೆ. ಅಷ್ಟು ಆಸೆ ತುಂಬಿದ ಮುಖವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಬಾಯಿ ಮುಚ್ಚಿಕೊಂಡೆ. ಜನ ಅಪ್ಪನಿಗೆ ಚಪ್ಪಾಳೆ ತಟ್ಟಿದರು, ಕೋಚ್ ಕೈ ಕುಲುಕಿದರು. ಕಾರಿನಲ್ಲಿ ಅಮ್ಮ, "ಎಲ್ಲರ ಮಕ್ಕಳ ವಿಷಯ, ನೀವ್ಯಾಕ್ರೀ ಮಾತು ಕೊಟ್ರಿ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಎಂದಳು. ಅಪ್ಪ ನಗುತ್ತಿದ್ದರು. ಆ ನಗುವಿನ ಹಿಂದೆಯೇ ಅಣ್ಣನೂ ನಕ್ಕ.

ಶನಿವಾರ ಅಣ್ಣ ಟೀಮಿನ ಬಸ್ಸಿನಲ್ಲಿ ಮುಂದೆ ಹೋದ ಮೇಲೆ ಅಪ್ಪ ಮೊದಲ ಬಾರಿಗೆ ಮಗನ ಆಟ ನೋಡಲು ಹೊರಟರು. ಬೆಟ್ಟದ ದಾರಿಯಲ್ಲಿ ಪೊಲೀಸರು ತಡೆದು ಹಿಮದಲ್ಲಿ ಜಾರದಂತೆ ಚಕ್ರಗಳಿಗೆ ಸರಪಳಿ ಹಾಕದೆ ಬಿಡುವುದಿಲ್ಲ ಎಂದರು. ನಮ್ಮಲ್ಲಿ ಸರಪಳಿ ಇರಲಿಲ್ಲ. ಕೆಳಗಿಳಿದು ಕೊಂಡು ತಂದು, ಮರಗಟ್ಟಿದ ಬೆರಳುಗಳಿಂದ ಕಟ್ಟಿ, ಮೈದಾನ ಮುಟ್ಟುವಷ್ಟರಲ್ಲಿ ಮೊದಲರ್ಧ ಮುಗಿದು ಹುಡುಗರು ಒಳಗೆ ಬೆಚ್ಚಗಾಗಿ ಆಗಷ್ಟೇ ಹೊರಬರುತ್ತಿದ್ದರು. ಪೈನ್ ಮರಗಳು ಕಪ್ಪಗೆ ನಿಂತಿದ್ದವು. ಸೂರ್ಯ ಬೆಟ್ಟದ ಅಂಚಿಗೆ ಇಳಿದಿದ್ದ. ಗಾಳಿ ಕಣ್ಣಲ್ಲಿ ನೀರು ತರಿಸಿ ಆ ನೀರನ್ನೂ ಗಟ್ಟಿ ಮಾಡುತ್ತಿತ್ತು. ಮೈದಾನದ ಗಡಿಯಾರದ ಬೋರ್ಡಿನಲ್ಲಿ ಹನ್ನೆರಡು ಎಂದು ಬಂದ ಕೂಡಲೇ ಅಪ್ಪ ಕೈಗಡಿಯಾರ ನೋಡಿಕೊಂಡು, ಸಮಾಧಾನದಿಂದ ತಲೆಯಾಡಿಸಿದರು.

ಅಣ್ಣನದು ಓಡಿಹೋಗಿ ಚೆಂಡು ಹಿಡಿಯುವ ಕೆಲಸ. ದಪ್ಪ ಕೈಗವಸಿನಲ್ಲಿ ಚೆಂಡು ನಿಲ್ಲುವುದಿಲ್ಲವೆಂದು ಅವನು ತೆಳ್ಳನೆಯ ಉಣ್ಣೆಯದನ್ನೇ ಹಾಕಿದ್ದ. ಎರಡು ಸಲ ಹಿಮದಲ್ಲಿ ಬಿದ್ದ ಮೇಲೆ ಅದು ಪೂರ್ತಿ ಒದ್ದೆಯಾಗಿತ್ತು. ಟೀಮು ಚಿಕ್ಕದು, ಹೊರಗೆ ಬಂದು ಮೈದಾನದ ಅಂಚಿನಲ್ಲಿಟ್ಟ ಹೀಟರಿನ ಮುಂದೆ ನಿಲ್ಲಲು ಅವನಿಗೆ ಸರದಿಯೇ ಸಿಗಲಿಲ್ಲ. ಮೊದಮೊದಲು ಕೈಗಳಿಗೆ ಬಾಯಿಂದ ಊದಿಕೊಳ್ಳುತ್ತಿದ್ದ, ತೊಡೆಗೆ ಬಡಿದುಕೊಳ್ಳುತ್ತಿದ್ದ. ಆಮೇಲೆ ಅದನ್ನು ನಿಲ್ಲಿಸಿದ. ಅಮ್ಮ, "ಪರವಾಗಿಲ್ಲ, ಈಗ ಚಳಿ ಕಮ್ಮಿ ಆಗಿರ್ಬೇಕು ಅವನಿಗೆ" ಎಂದಳು. ನೋವು ನಿಂತರೆ ಬೆರಳು ಹೆಪ್ಪುಗಟ್ಟುತ್ತಿದೆ ಎಂದರ್ಥ, ಅದು ಅಪ್ಪನಿಗೆ ತಿಳಿದಿತ್ತು. ಕೈಗಡಿಯಾರ ನೋಡಿದರು, ಬೋರ್ಡು ನೋಡಿದರು. ಹದಿನೈದು ನಿಮಿಷ ಕಳೆದಿತ್ತು, ಬೋರ್ಡಿನಲ್ಲಿ ಇನ್ನೂ ಏಳು ಉಳಿದಿತ್ತು. "ಅದು ಕೆಟ್ಟಿದೆಯಾ?" ಎಂದು ಪಕ್ಕದ ಹೆಂಗಸನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವಳು ನಕ್ಕು, ಇಲ್ಲ, ಅದು ನಿಂತು ನಿಂತು ಹೋಗುತ್ತದೆ, ಯಾವಾಗಲೂ ಹಾಗೆಯೇ ಎಂದಳು.

ಅಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು. "ಪುಟ್ಟೀ, ನಿಂಗೆ ಗೊತ್ತಿತ್ತಾ?"

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ನಾನು. ಆ ಹೊತ್ತು ಮಾತ್ರ ಕನ್ನಡ ಬಂತು. "ಇಲ್ಲಪ್ಪ" ಎಂದೆ.

ಅವರು ಮೆಟ್ಟಿಲಿಳಿದು ಬೇಲಿಯ ಹತ್ತಿರ ಓಡಿದರು. ತಂತಿ ಹಿಡಿದು "ನಿಲ್ಸಿ, ಆಟ ನಿಲ್ಸಿ" ಎಂದು ಕೂಗಿದರು. ಇಪ್ಪತ್ತು ಸಲ ಕೂಗಿರಬೇಕು, ಎಲ್ಲವೂ ಕನ್ನಡದಲ್ಲಿ. ಜನ ಅದನ್ನು ಮಗನಿಗೆ ಹುರಿದುಂಬಿಸುವ ಕೂಗೆಂದು ತಿಳಿದು ತಾವೂ ದನಿಗೂಡಿಸಿದರು. ಅಣ್ಣ ಒಮ್ಮೆ ಇತ್ತ ನೋಡಿದ. ಅಪ್ಪನನ್ನು ಕಂಡ, ಏನು ಕೂಗುತ್ತಿದ್ದಾರೆಂದು ಮೈದಾನದಲ್ಲಿದ್ದವರಲ್ಲಿ ಅವನೊಬ್ಬನಿಗೇ ಅರ್ಥವಾಯಿತು. ಬೆನ್ನು ತಿರುಗಿಸಿ ತನ್ನ ಜಾಗಕ್ಕೆ ಹೋದ. ಕೋಚ್ ಬಂದು ವಿಷಯ ಕೇಳಿ ಅವನನ್ನು ಹೊರಗೆ ಕರೆಸುವಷ್ಟರಲ್ಲಿ, ನಡುವಿನ ಒಂದೇ ನಿಮಿಷದ ಬಿಡುವೂ ಮುಗಿದು, ಕೊನೆಯ ಕ್ವಾರ್ಟರೂ ಅರ್ಧ ಕಳೆದಿತ್ತು. ಕೈಗವಸು ಬಿಚ್ಚಿದಾಗ ಎಡಗೈಯ ಕೊನೆಯ ಎರಡು ಬೆರಳು ಮೇಣದ ಬತ್ತಿಯಂತೆ ಬೆಳ್ಳಗಿದ್ದವು. ಕಾರಿನಲ್ಲಿ ಅಮ್ಮ ಆ ಬೆರಳುಗಳನ್ನು ತಿಕ್ಕಲು ಹೋದಳು. ಅಪ್ಪ, "ಉಜ್ಜಬೇಡ ಕಣೇ" ಎಂದು ಅವನ ಕೈಯನ್ನು ತಮ್ಮ ಅಂಗಿಯೊಳಗೆ, ಕಂಕುಳಲ್ಲಿಟ್ಟುಕೊಂಡರು. ಅಮ್ಮ ಆಸ್ಪತ್ರೆಯ ಕಡೆಗೆ ಡ್ರೈವ್ ಮಾಡಿದಳು. ಬಿಚ್ಚಿಟ್ಟ ಕೈಗವಸುಗಳು ಹೀಟರಿನ ಮುಂದೆ ಹಬೆಯಾಡುತ್ತಿದ್ದವು.

ಕೆಲವು ವಾರ ಕಾದು ಡಾಕ್ಟರು ಎರಡೂ ಬೆರಳಿನ ತುದಿಗಳನ್ನು ತೆಗೆದರು. ಟೀಮು ಆ ದಿನ ಗೆದ್ದಿತ್ತು, ಅಣ್ಣ ಶಾಲೆಯಲ್ಲಿ ಹೀರೋ ಆದ. ಅಪ್ಪನನ್ನು ಯಾರೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅವರು ತಾವೇ ತಮಗೆ ಶಿಕ್ಷೆ ಹಾಕಿಕೊಂಡರು: ಉತ್ತರ ಕೊಡುವುದನ್ನು ಬಿಟ್ಟರು. ಟೈರಿನ ಬಗ್ಗೆ ಫೋನು ಬಂದರೆ, "ನಂಗೊತ್ತಿಲ್ಲ ಸ್ವಾಮಿ, ಬೇರೆ ಯಾರನ್ನಾದ್ರೂ ಕೇಳಿ" ಎನ್ನುತ್ತಿದ್ದರು. ಫೋನುಗಳು ಕಡಿಮೆಯಾಗಿ, ಒಂದು ದಿನ ನಿಂತೇಹೋದವು. ಎರಡು ವರ್ಷಕ್ಕೆ ಸೆರಿಟೋಸ್ ಮನೆಯನ್ನು ಮಾರಿ ಸ್ಯಾನ್ ಡಿಯೇಗೋಗೆ ಬಂದೆವು, ಅಪ್ಪ ಚಳಿಗೆ ಸಂಬಂಧವಿಲ್ಲದ ಯಾವುದೋ ಟೆಲಿಕಾಂ ಕೆಲಸ ಹಿಡಿದರು. ನಾನು ಯಾವ ಕಾಲೇಜು ಸೇರಲಿ ಎಂದು ಕೇಳಿದಾಗಲೂ, "ನಿಂಗೆ ಸರಿ ಅನ್ಸಿದ್ದು ಮಾಡು" ಎಂದಷ್ಟೇ ಹೇಳಿದರು. ಅಣ್ಣ ಕಳೆದುಕೊಂಡದ್ದು ಎರಡು ಬೆರಳಿನ ತುದಿ. ನಾನು ಕಳೆದುಕೊಂಡದ್ದು ಉತ್ತರ ಹೇಳುವ ಅಪ್ಪನನ್ನು, ಅದೂ ನನ್ನದೇ ಬಾಯಿಯಿಂದ. ಪ್ರತಿ ಭಾನುವಾರ ಅದೇ ಮನೆಯಲ್ಲಿ, ಅವರ ಕಿವಿಗೆ ಬೀಳುವಂತೆ ಆ ಆಟ ನೋಡಿ ಬೆಳೆದ ಹುಡುಗಿಗೆ ಗಡಿಯಾರದ ವಿಷಯ ಗೊತ್ತಿರಲಿಲ್ಲವೆಂದು ಅವರು ನಂಬಿದ್ದರೇ? ಕೇಳುವ ಧೈರ್ಯ ನನಗೂ ಬರಲಿಲ್ಲ, ಅಣ್ಣನಿಗೂ ಬರಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ವಸಂತದಲ್ಲಿ ಅಪ್ಪನ ಹೃದಯದ ಆಪರೇಷನ್ ನಿರ್ಧಾರವಾಯಿತು. ಬೆಳಗಿನ ಹೊತ್ತು, ಆಸ್ಪತ್ರೆಯ ಕೋಣೆಯ ತುಂಬ ಬಿಸಿಲಿತ್ತು. ಡಾಕ್ಟರು ಬಂದು ಆಗಬಹುದಾದದ್ದನ್ನೆಲ್ಲ ವಿವರಿಸಿ, ಒಪ್ಪಿಗೆಯ ಹಾಳೆ ಮುಂದಿಟ್ಟರು. ಮುಂಚೆಯೇ ನನ್ನ ಮತ್ತು ಅಣ್ಣನ ಜೊತೆ ಬೇರೆಯಾಗಿಯೂ ಮಾತಾಡಿದ್ದರು, ಅವೇ ಮಾತುಗಳು, ಹೆಚ್ಚಿನದೇನೂ ಇರಲಿಲ್ಲ. ಅಪ್ಪ ಪೆನ್ನು ಹಿಡಿದು, ಸಹಿ ಮಾಡದೆ, ಮೊದಲು ಅಣ್ಣನನ್ನೂ ಆಮೇಲೆ ನನ್ನನ್ನೂ ನೋಡಿದರು. ದನಿಯಲ್ಲಿ ಕೋಪವಿರಲಿಲ್ಲ.

"ನಿಮ್ಮಿಬ್ರಿಗೂ ಗೊತ್ತಿದ್ದು, ನಂಗೆ ಗೊತ್ತಿಲ್ದೇ ಇರೋದು ಏನಾದ್ರೂ ಇದ್ರೆ, ಈಗ್ಲೇ ಹೇಳ್ಬಿಡಿ" ಎಂದರು.

"ಏನೂ ಇಲ್ಲಪ್ಪ" ಎಂದೆವು ಇಬ್ಬರೂ. ಆ ಸಲ ನಾವು ಹೇಳಿದ್ದು ನಿಜವಾಗಿತ್ತು. ಆದರೂ ಅವರು ಬಹಳ ಹೊತ್ತು ನಮ್ಮ ಮುಖಗಳನ್ನೇ ನೋಡುತ್ತಿದ್ದರು. ಆಮೇಲೆ ಸಹಿ ಮಾಡಿದರು. ಆಪರೇಷನ್ನಿಗೆ ಹೋದವರು ಆ ಕೋಣೆಗೆ ವಾಪಸು ಬರಲಿಲ್ಲ.