ಗೋಡೆಯಾಚೆಯ ಮೂಗು

ನಮ್ಮ ಸೀಮೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನನಗೆ ಕನ್ನೊಳ್ಳಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಮುದ್ದೇಬಿಹಾಳದಿಂದ ಹೊರಡುವಾಗ ಅವ್ವ ಒಂದು ಗಿಂಡಿ ಕೈಗಿತ್ತು, "ಇದರ ತುಂಬ ಹಿಟ್ಟಿಗೆ ಇದರ ತುಂಬ ನೀರ. ಬಾಳ ತಲಿ ಓಡಸಬ್ಯಾಡ" ಅಂದಿದ್ದಳು. ನಾನೂ ಓಡಿಸಲಿಲ್ಲ.

ಮೊದಲ ದಿನವೇ ರೊಟ್ಟಿ ಹರಿದು ಚೂರುಚೂರಾಯಿತು. ಇನ್ನೊಂದು ತಟ್ಟಿದೆ, ಅದೂ ಹರಿಯಿತು. "ಹಾಳಾಗಿ ಹೋಗು!" ಎಂದು ಹಿಟ್ಟಿನ ಮುದ್ದೆಗೇ ಬೈದೆ. ಹಿತ್ತಲ ಗೋಡೆಯ ಆಚೆಯಿಂದ ಒಂದು ಮುದುಕಿಯ ದನಿ ಬಂತು.

"ಮಾಸ್ತರ, ಅದಕ್ಕ ಯಾಕ್ ಬೈತೀರಿ? ಜ್ವಾಳ ಹಳೇದೈತಿ, ಜಿಗಿ ಹೋಗೈತಿ. ಕುದಿಯೋ ನೀರ ಹಾಕಿ ಕಲಸ್ರಿ."

"ಎಷ್ಟ್ ಹಾಕಬೇಕ್ರಿ?"

"ಹಿಟ್ಟು ಎಷ್ಟ್ ಕುಡೀತೈತಿ ಅಷ್ಟು."

"ಅದು ಹೆಂಗ್ ಗೊತ್ತಾಗಬೇಕ್ರಿ?"

"ನಿಮ್ಮ ಕೈಗೆ ಕೇಳ್ರಿ. ನನಗೇನ್ ಕೇಳ್ತೀರಿ?"

ಇದೂ ಒಂದು ಉತ್ತರವೇ ಅಂತ ಸಿಟ್ಟು ಬಂತು. ಆದರೆ ಊರಲ್ಲಿ ನನ್ನನ್ನು ತಾನಾಗಿ ಮಾತನಾಡಿಸಿದವಳು ಆಕೆಯೊಬ್ಬಳೇ. ನಾನು ಮುಸಲ್ಮಾನ; ನಮ್ಮವರ ಮನೆ ಆ ಓಣಿಯಲ್ಲಿ ಒಂದೂ ಇರಲಿಲ್ಲ. ಸಾಲೆ ಬಿಟ್ಟ ಮೇಲೆ ಬಾಯಿ ತೆರೆಯಲು ಕಾರಣವೇ ಸಿಗುತ್ತಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಬೇಡವಾದರೂ ಬೆಲೆ ಕೇಳುತ್ತ ನಿಲ್ಲುತ್ತಿದ್ದೆ. ಬೇಯಿಸಿದ್ದನ್ನು ಮುಂದಿಟ್ಟುಕೊಂಡು ಕೂತರೆ, ಉಪ್ಪು ಸರಿಯಾಗಿದೆಯೋ ಇಲ್ಲವೋ ಅನ್ನಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ.

ಆಯಿ ಅಂತ ಕರೆಯುತ್ತಿದ್ದೆ ಆಕೆಯನ್ನು. ಮನೆ ತುಂಬ ಸೊಸೆಯಂದಿರು, ಮೊಮ್ಮಕ್ಕಳು. ಆದರೂ ಆಕೆಯ ಠಿಕಾಣಿ ಹಿತ್ತಲೇ. ಅಲ್ಲಿಂದಲೇ ನನ್ನ ಒಲೆಯ ಮೇಲೆ ಕಾರುಬಾರು. "ಸಾಸವಿ ಸೀದವು ನೋಡ್ರಿ!" "ಬಳ್ಳೊಳ್ಳಿ ಇನ್ನಾ ಹಸಿ ಐತಿ, ಏನ್ ಅವಸರ ನಿಮಗ?" ಎಲ್ಲವೂ ಮೂಗಿನಿಂದಲೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಮಜ್ಜಿಗೆ ಕೊಟ್ಟರೆ ಮೇಲಿನಿಂದ ನನ್ನ ಪಾತ್ರೆಗೆ ಸುರಿಯುತ್ತಿದ್ದಳು. ನನ್ನ ಮನೆಯದು ಏನೂ ಆ ಕಡೆ ಹೋಗುತ್ತಿರಲಿಲ್ಲ. ಊರಿಗೆ ಊರೇ ಹಾಗಿದ್ದಾಗ ಆಕೆಯೊಬ್ಬಳ ಮೇಲೆ ಮುನಿದು ಏನು ಮಾಡಲಿ? ಆದರೂ ಯಾರಾದರೂ ಒಮ್ಮೆ ನನ್ನ ಕೈ ಅಡಿಗೆ ಉಂಡು, ಚಲೋ ಐತಿ ಅನ್ನಲಿ ಎಂಬ ಆಸೆ ದಿನೇ ದಿನೇ ಬಲಿಯಿತು.

ಬರಬರುತ್ತ ಗಿಂಡಿ ನೀರು ಕುಡಿಯಲಷ್ಟೇ ಉಳಿಯಿತು. ಹೊಸ ಜೋಳ ಬಂದಾಗ ನೀರು ಕಡಿಮೆ ಮಾಡುವುದು, ಹುಣಸೆಹಣ್ಣು ತೀರಿದರೆ ಮಾವಿನಕಾಯಿ ಹೆಚ್ಚಿ ಹಾಕುವುದು, ಸಂತೆ ತಪ್ಪಿದರೆ ಬದುವಿನ ಸೊಪ್ಪು ಕಿತ್ತು ತರುವುದು, ಯಾರನ್ನೂ ಕೇಳದೆ ನಡೆಯಿತು. ಒಂದು ಸಂಜೆ ಪುಂಡಿ ಸೊಪ್ಪು ಬೇಯಲಿಟ್ಟೆ. ಆ ಹುಳಿಗೆ ಬೇಳೆ ಬೇಕೇ ಬೇಕು. ಡಬ್ಬಿ ನೋಡಿದರೆ ಒಂದು ಕಾಳೂ ಇಲ್ಲ. ಉಳಿದಿದ್ದ ಒಣ ರೊಟ್ಟಿ ಮುರಿದು ಹಾಕಿದೆ. ಶೇಂಗಾ ಹುರಿದು ಕುಟ್ಟಿ ಬೆರೆಸಿದೆ. ಒಗ್ಗರಣೆ ಬಿದ್ದದ್ದೇ ತಡ, ಗೋಡೆಯಾಚೆ ಗೊಂದಲ.

"ಪುಂಡಿ ಅಂತೂ ಹೌದು. ಬ್ಯಾಳಿ ವಾಸನಿ ಇಲ್ಲ. ಏನ್ ಮಾಡಾಕತ್ತೀರಿ ಮಾಸ್ತರ?"

ಹೇಳಿದೆ.

"ಅಯ್ಯ ಶಿವನ! ಪುಂಡ್ಯಾಗ ರೊಟ್ಟಿ ಯಾರರ ಹಾಕ್ತಾರನ್ರಿ?"

"ನಾ ಹಾಕ್ತೇನ್ರಿ!"

ಆಕೆ ಬಿದ್ದುಬಿದ್ದು ನಕ್ಕಳು. ನಾನೂ ನಕ್ಕೆ. ಆ ಖುಷಿಯಲ್ಲಿ ಮೈಮರೆತು ಒಂದು ಬಟ್ಟಲು ಪಲ್ಲೆ ಗೋಡೆಯ ಮೇಲಿಟ್ಟೆ. "ಒಂದೀಟ ರುಚಿ ನೋಡ್ರಿ ಆಯಿ."

ನಗು ನಿಂತಿತು. "ಇವತ್ತ ಸೋಮವಾರ ಐತ್ರಿ, ನನ್ನ ಉಪವಾಸ" ಅಂದಳು.

ಅವತ್ತು ಗುರುವಾರ.

ಬಟ್ಟಲು ಹಾಗೇ ಇಳಿಸಿಕೊಂಡೆ. ಆಮೇಲೆ ಗೋಡೆಯಾಚೆ ಸದ್ದೇ ಇಲ್ಲ. ಯಾಕಾದರೂ ಇಟ್ಟೆನೋ ಎಂದು ನನ್ನನ್ನೇ ಶಪಿಸಿಕೊಂಡೆ. ಒಂದು ದಿನ ಬೇಕಂತಲೇ ಸಾಸಿವೆ ಸೀಯಿಸಿದೆ. ಹಿತ್ತಲ ತುಂಬ ಹೊಗೆ, ಕಣ್ಣಲ್ಲಿ ನೀರು. ಆಕೆ ಬೈಯಲಿಲ್ಲ. ಆವತ್ತು ಉಣ್ಣದೇ ಮಲಗಿದೆ. ಅಷ್ಟು ಒಂಟಿತನ ನಾನು ಮತ್ತೆಂದೂ ಕಂಡಿಲ್ಲ.

ಕೆಲವು ದಿನ ಕಳೆದ ಮೇಲೆ ಸಂಜೆ ಹೊತ್ತಿಗೆ ದನಿ ಬಂತು. "ಮಾಸ್ತರ, ಅದೀರೇನ್ರಿ? ತಾಟ ಹಿಡೀರಿ."

ಓಡಿಹೋಗಿ ಹಿಡಿದೆ. ಮೇಲಿನಿಂದ ಬಿಸಿ ಬಿಸಿ ಪುಂಡಿ ಪಲ್ಲೆ ಬಿತ್ತು. ಅದರಲ್ಲಿ ರೊಟ್ಟಿಯ ಚೂರು, ಶೇಂಗಾದ ಪುಡಿ.

"ನೀವ್ ಹೇಳಿದ್ದನ್ನ ನೆನಪಿಟ್ಟು ಮಾಡೇನಿ. ಹಂಗ ಆಗೈತೋ ಇಲ್ಲೋ ನೀವ ಹೇಳಬೇಕು. ನನಗೇನ್ ಗೊತ್ತು?"

ನಾನು ಗೋಡೆಗೆ ಬೆನ್ನು ಕೊಟ್ಟು ಕೂತು ಉಂಡೆ. ಆ ಕಡೆ ಆಕೆಯೂ ಉಣ್ಣುವ ಸದ್ದು ಕೇಳುತ್ತಿತ್ತು. ಖಾರ ಜಾಸ್ತಿಯಾಗಿತ್ತು, ರೊಟ್ಟಿ ಪೂರಾ ಕರಗಿಹೋಗಿತ್ತು. ನನ್ನದರ ಹತ್ತಿರವೂ ಸುಳಿದಿರಲಿಲ್ಲ.

"ಹೌದ್ರಿ ಆಯಿ, ಇದ ಐತಿ" ಅಂದೆ.

"ಚಲೋ ಮಾಡ್ತೀರಿ ಮಾಸ್ತರ" ಅಂದಳು ಆಕೆ, ಬಾಯಿ ಚಪ್ಪರಿಸುತ್ತ.

ನನ್ನ ಅಡಿಗೆಯನ್ನು ಒಬ್ಬರು ಹೊಗಳಿದ್ದು ಅದೇ ಮೊದಲು. ಅದನ್ನು ಆಕೆ ಉಂಡೇ ಇರಲಿಲ್ಲ.