ಶಾಂತಮ್ಮನವರ ಒಂದೆಲಗ

ಒಂದೆಲಗದ ಸಾರಕ್ಕೆ ಹೊಟ್ಟೆಹುಣ್ಣು ಮಾಯುತ್ತದಾ ಅಂತ ಶಿವಮೊಗ್ಗದ ಲ್ಯಾಬಿನಲ್ಲಿ ಇಲಿಗಳ ಮೇಲೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಸೊಪ್ಪು ತರಲು ಭದ್ರಾವತಿ ಹಳೇನಗರದ ಶಾಂತಮ್ಮನವರ ಮನೆಗೆ ಹೋಗಿದ್ದೆ. ಕಾರ್ಖಾನೆಯ ಪಾಳಿ ಕೆಲಸದಲ್ಲಿ ಹೊಟ್ಟೆ ಕೆಡಿಸಿಕೊಂಡಿದ್ದ ಗಂಡನಿಗಾಗಿ ಹಿತ್ತಲಲ್ಲಿ ಬೆಳೆಸಿದ ಸೊಪ್ಪು ಅದು. ಗಂಡ ತೀರಿಕೊಂಡು ವರ್ಷಗಳಾದರೂ ಶಾಂತಮ್ಮ ಅದಕ್ಕೆ ದಿನಾ ನೀರು ಹಾಕುತ್ತಿದ್ದರು.

"ಉಂಡ್ಯೇನಪ್ಪಾ?" ಅಂದರು. ಇಲ್ಲ ಅಂದೆ.

"ಹೊತ್ತಿಗೆ ಸರಿಯಾಗಿ ಉಣ್ಣದೋನು ಹೊಟ್ಟೆಗೆ ಮದ್ದು ಹುಡುಕ್ತೀಯಾ ಮಾರಾಯ?" ಅಂತ ಬೈದು, ಅದೇ ಸೊಪ್ಪಿನ ತಂಬುಳಿ ಹಾಕಿ ಅನ್ನ ಬಡಿಸಿದರು. ಉಂಡು ಮುಗಿಸುವವರೆಗೂ ಎದುರಿಗೇ ಕೂತಿದ್ದರು. ಗಂಡನೆದುರೂ ಹಾಗೇ ಕೂರುತ್ತಿದ್ದರಂತೆ.

ಹೊರಡುವಾಗ, "ಗುಣ ಆದ್ರೆ ಬಂದು ಹೇಳ್ಬೇಕು. ಆಮೇಲೆ ಆ ಇಲಿಗಳನ್ನ ಬಿಟ್ಬಿಡ್ತೀರಲ್ವಾ?" ಅಂದರು.

ಹುಣ್ಣು ಮಾಯ್ದಿದೆಯಾ ಅಂತ ನೋಡಲು ಇಲಿಯನ್ನು ಕೊಂದು ಹೊಟ್ಟೆ ಕೊಯ್ಯಬೇಕು. ನಾನು, "ಹೂಂ ಅಮ್ಮ, ಬಿಟ್ಬಿಡ್ತೀವಿ" ಅಂದುಬಿಟ್ಟೆ.

ಫಲಿತಾಂಶ ಚೆನ್ನಾಗಿಯೇ ಬಂತು. ನಾನು ಮಾತ್ರ ಈಗಲೂ ಮಧ್ಯಾಹ್ನ ಮೂರಕ್ಕೆ ಸವಳಂಗ ರಸ್ತೆಯ ಹೋಟೆಲಿನಲ್ಲಿ ಒಬ್ಬನೇ ಉಣ್ಣುತ್ತೇನೆ, ಎದುರಿನ ಕುರ್ಚಿ ನೋಡುತ್ತಾ. ಭದ್ರಾವತಿ ಬಸ್ಸು ಹತ್ತಬೇಕು ಅಂತ ದಿನಾ ಅನ್ನಿಸುತ್ತದೆ. ಆದರೆ ಹತ್ತಿಲ್ಲ; ಹೋದರೆ ಅವರು ಅನ್ನ ಬಡಿಸಿ ಎದುರಿಗೆ ಕೂತ ಮೇಲೆ, ಮೊದಲು ಕೇಳುವುದೇ ಇಲಿಗಳ ಸಮಾಚಾರ.