೪೪೧೭ನೇ ಸದಸ್ಯೆ

ಗ್ರಂಥಾಲಯದಲ್ಲಿ ಎಲ್ಲರೂ ಅವಳನ್ನು ರಿಪೇರಿ ಅಕ್ಕ ಎಂದೇ ಕರೆಯುತ್ತಿದ್ದರು. ಹುದ್ದೆಗೆ ಬೇರೇನೋ ಉದ್ದದ ಹೆಸರಿತ್ತು, ಅದು ಗುರುತಿನ ಚೀಟಿಯಲ್ಲಿ ಮಾತ್ರ. ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ, ಆ ದನಿಯನ್ನು ಸದಸ್ಯರಿಗೆ ಕೇಳಿಸುವ ಜಾಲತಾಣವೊಂದು ಆ ಗ್ರಂಥಾಲಯಕ್ಕಿತ್ತು. ಹದಿನೇಳು ವರ್ಷದ ಹಿಂದೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದನ್ನು ಬರೆದವಳೂ ಅವಳೇ, ಅಂದಿನಿಂದ ಅದರ ಕೆಮ್ಮು ನೆಗಡಿ ನೋಡಿಕೊಂಡು ಬಂದವಳೂ ಅವಳೇ.

ಅದರಲ್ಲಿ ಅವಳ ಅಮ್ಮನ ದನಿಯೂ ಇತ್ತು. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಅಮ್ಮ ವಾರಕ್ಕೆ ಮೂರು ದಿನ ಬಂದು, ಹಿಂಬದಿಯ ಪುಟ್ಟ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಸಿಕೊಂಡು ಒಂಬತ್ತು ಪುಸ್ತಕ ಓದಿದ್ದಳು. ಹಾಳೆ ತಿರುವುವ ಮುಂಚೆ ಬೆರಳಿಗೆ ಎಂಜಲು ಹಚ್ಚಿಕೊಳ್ಳುವ ಸದ್ದನ್ನೂ ಧ್ವನಿಮುದ್ರಣ ಯಂತ್ರ ಬಿಟ್ಟಿರಲಿಲ್ಲ.

ಅಮ್ಮ ಹೋಗಿ ಆರು ವರ್ಷ. ಕೊನೆಯ ಎರಡು ದಿನ ರಿಪೇರಿ ಅಕ್ಕನಿಗೆ ಕೈಕಾಲೇ ಆಡಿರಲಿಲ್ಲ. ನಾಳೆ ಸುಧಾರಿಸಬಹುದು, ಸುಮ್ಮನೆ ಯಾಕೆ ಗಾಬರಿಪಡಿಸುವುದು ಎಂದುಕೊಂಡು ದೂರದ ಊರಿನಲ್ಲಿದ್ದ ತಂಗಿಗೆ ಹೇಳುವುದನ್ನು ಮುಂದೂಡಿದಳು. ಹೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಂಗಿ ಅತ್ತದ್ದು ಒಂದೇ ಸಲ. ಆಮೇಲೆ ಅಂದಳು: "ನನಗೊಂದು ಮಾತು ಹೇಳ್ದೆ ಅಮ್ಮನ್ನ ಕಳಿಸಿಬಿಟ್ಟೆಯಲ್ಲ. ಇನ್ನು ನಾನಾಗಿ ಮಾಡೋವರೆಗೂ ನನಗೆ ಫೋನ್ ಮಾಡ್ಬೇಡ." ಅಕ್ಕ ಆ ಮಾತಿಗೆ ತಲೆಬಾಗಿದಳು. ಮೊಂಡುತನದಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ತಾನೇ.

ಆದರೆ ಯಾರು ಯಾವಾಗ ಏನು ಕೇಳಿದರು ಎಂಬುದನ್ನು ಜಾಲತಾಣ ಬರೆದಿಡುತ್ತಿತ್ತು. ಪ್ರತಿ ಬೆಳಿಗ್ಗೆ ಏಳಕ್ಕೆ ೪೪೧೭ನೇ ಸದಸ್ಯೆ ಬಂದು ಅಮ್ಮನ ಒಂದು ಅಧ್ಯಾಯ ಕೇಳಿ ಹೋಗುತ್ತಿದ್ದಳು. ತಂಗಿಗೆ ಆ ನಂಬರಿನ ಸದಸ್ಯತ್ವ ಮಾಡಿಸಿಕೊಟ್ಟಿದ್ದವಳೇ ಅಕ್ಕ. ಇನ್ನೊಬ್ಬರ ಓದನ್ನು ಇಣುಕಿ ನೋಡಬಾರದೆಂದು ಗೊತ್ತಿದ್ದೂ ಅವಳು ಆ ಒಂದು ಸಾಲನ್ನು ದಿನಾ ಹುಡುಕುತ್ತಿದ್ದಳು. ಸಾಲು ಕಂಡರೆ ತಂಗಿ ಚೆನ್ನಾಗಿದ್ದಾಳೆ. ಹೋದ ಚಳಿಗಾಲದಲ್ಲಿ ನಾಲ್ಕು ದಿನ ಕಾಣದಾಗ, ಜ್ವರವಿರಬೇಕೆಂದು ಇವಳಿಗೆ ಊಟ ಸೇರಿರಲಿಲ್ಲ.

ಈ ವರ್ಷ, ಜಾಲತಾಣ ನಿಂತಿದ್ದ ಹಳೇ ಫ್ರೇಮ್‌ವರ್ಕಿಗೆ ಇನ್ನು ರಕ್ಷಣೆಯಿಲ್ಲ, ಹೊಸ ಆವೃತ್ತಿಗೆ ಹೋಗಲೇಬೇಕು ಎಂದಾಯಿತು. ಜನ ಒಳಗೆ ವಾಸವಿದ್ದ ಹಾಗೆಯೇ ಮನೆಯ ಅಡಿಪಾಯ ಬದಲಿಸುವ ಕೆಲಸ. ಮೊದಲ ದಿನವೇ ನಾನೂರು ಫೈಲುಗಳು ತಪ್ಪಿದೆ ಎಂಬ ಕೆಂಪು ಗೆರೆ ಎಳೆದುಕೊಂಡು ಮುನಿಸಿಕೊಂಡವು. ಮೂರು ತಿಂಗಳು ಒಂದೊಂದರದೇ ತಲೆ ಸವರಿ ಸಮಾಧಾನ ಮಾಡಿದಳು. ಕೊನೆಗೆ ಒಂದೇ ತಾಪತ್ರಯ ಉಳಿಯಿತು. 'ನನ್ನನ್ನು ನೆನಪಿಡು' ಎಂದು ಒಮ್ಮೆ ಗುರುತು ಹಾಕಿದವರನ್ನು ಪಾಸ್‌ವರ್ಡ್ ಕೇಳದೆ ಒಳಗೆ ಬಿಡಲು ಅವರ ಕಂಪ್ಯೂಟರಿನಲ್ಲೊಂದು ಟೋಕನ್ ಇರುತ್ತಿತ್ತು. ಆ ಹಳೇ ಟೋಕನನ್ನು ಹೊಸ ಆವೃತ್ತಿ ಒಪ್ಪುತ್ತಿರಲಿಲ್ಲ. ಎಲ್ಲರನ್ನೂ ಬಾಗಿಲಲ್ಲೇ ನಿಲ್ಲಿಸಿ ಪಾಸ್‌ವರ್ಡ್ ಕೇಳುತ್ತಿತ್ತು.

"ಕೇಳ್ಲಿ ಬಿಡಿ," ಎಂದರು ಗ್ರಂಥಪಾಲಕರು. "ಮರೆತಿದ್ದೋರು ನಿಮಗೇ ಫೋನ್ ಮಾಡ್ತಾರೆ."

ಆ ಮಾತು ಅವಳ ಎದೆಗೆ ನಾಟಿತು. ತಂಗಿಗೆ ಪಾಸ್‌ವರ್ಡ್ ನೆನಪಿರಲು ಸಾಧ್ಯವೇ ಇಲ್ಲ. ಅವಳು ಕೊಟ್ಟಿದ್ದ ಇಮೇಲ್ ಎಂದೋ ಬಿಟ್ಟ ಕೆಲಸದ್ದು. ಸಹಾಯಕ್ಕೆಂದು ಪರದೆಯ ಮೇಲೆ ಕಾಣುವ ನಂಬರು ಅಕ್ಕನದು. ಇವಳು ಏನೂ ಮಾಡದೆ ಕೈಕಟ್ಟಿ ಕೂತರೆ ಸಾಕು, ತಂಗಿ ತಾನಾಗಿಯೇ ಫೋನ್ ಮಾಡಬೇಕಾಗುತ್ತದೆ.

ಎರಡು ದಿನ ಅವಳು ಆ ಫೋನಿನ ಕನಸಲ್ಲೇ ಇದ್ದಳು. ಎತ್ತಿದಾಗ "ಹಲೋ" ಅನ್ನುವುದೋ "ಹೇಳೇ" ಅನ್ನುವುದೋ ಎಂದು ಬಸ್ಸಿನಲ್ಲಿ ಒಬ್ಬಳೇ ತುಟಿಯಾಡಿಸುವುದನ್ನು ಕಂಡು ಪಕ್ಕದ ಹೆಂಗಸು ಸರಿದು ಕೂತಳು.

ಮೂರನೆಯ ದಿನ ಪರೀಕ್ಷೆಗೆಂದು ತಂಗಿಯದರಂಥದ್ದೇ ಹಳೇ ಟೋಕನ್ ಮಾಡಿಕೊಂಡು ಹೊಸ ಆವೃತ್ತಿಯ ಒಳಗೆ ಹೋಗಲು ನೋಡಿದಳು. ಬಿಡಲಿಲ್ಲ. ಅಮ್ಮನ ಪುಸ್ತಕವಿರಬೇಕಾದ ಜಾಗದಲ್ಲಿ ನಂಬರಿಗೊಂದು, ಪಾಸ್‌ವರ್ಡಿಗೊಂದು ಖಾಲಿ ಚೌಕ. ಒಂದು ಮಾತೂ ಹೇಳದೆ ಅಮ್ಮನನ್ನು ತಂಗಿಯಿಂದ ಇನ್ನೊಮ್ಮೆ ಕಿತ್ತುಕೊಳ್ಳಲು ಹೊರಟಿದ್ದೆನಲ್ಲ!

ಹಳೇ ಟೋಕನನ್ನೂ ಒಪ್ಪಿಕೊಂಡು ಸದ್ದಿಲ್ಲದೆ ಹೊಸದು ಕೊಡುವಂತೆ ಹದಿನಾಲ್ಕು ಸಾಲು ಬರೆದಳು. ಬರೆಯುವಾಗ ಅಳು ಬಂತು, ಅತ್ತಳು. ಭಾನುವಾರ ಮಧ್ಯಾಹ್ನ ಹೊಸ ಆವೃತ್ತಿಯನ್ನು ಜಾಲತಾಣಕ್ಕೆ ಏರಿಸಿದಳು.

ಸೋಮವಾರ ಏಳಕ್ಕೆ ಮುಂಚೆಯೇ ಬಂದು ಪರದೆಯ ಮುಂದೆ ಕೂತಳು. ಏಳು ಗಂಟೆ ಒಂದು ನಿಮಿಷಕ್ಕೆ ಸಾಲು ಮೂಡಿತು: ೪೪೧೭, ಹನ್ನೆರಡನೇ ಅಧ್ಯಾಯ, ಶುರು. ಒಂದು ಕೊಂಕೂ ಇಲ್ಲ. ಏನೋ ಬದಲಾಗಿದೆ ಎಂಬುದೇ ತಂಗಿಗೆ ಗೊತ್ತಾಗಿರಲಿಕ್ಕಿಲ್ಲ. ತನ್ನ ಕೆಲಸ ಇಷ್ಟು ಅಚ್ಚುಕಟ್ಟಾದದ್ದಕ್ಕೆ ರಿಪೇರಿ ಅಕ್ಕ ಜನ್ಮದಲ್ಲಿ ಮೊದಲ ಸಲ ಸಂಕಟಪಟ್ಟಳು. ಇನ್ನು ಆ ಫೋನ್ ಬರುವುದಿಲ್ಲ. ಏನಾದರೊಂದು ಕೆಡಲಿ, ಆಗ ಮಾತಾಡೋಣ ಎಂದು ಕಾದದ್ದು ಸಾಕೆನಿಸಿತು. ಕೊಟ್ಟ ಮಾತು ಮುರಿದು ತಾನೇ ನಂಬರ್ ಒತ್ತಿದಳು.

ನಾಲ್ಕನೇ ಸಲ ರಿಂಗಾದಾಗ ತಂಗಿ ಎತ್ತಿದಳು. ಗಾಬರಿಯ ದನಿ. "ಏನಾಯ್ತು? ಯಾರಿಗೇನಾಯ್ತು?"

"ಏನೂ ಆಗಿಲ್ಲ ಕಣೇ. ಎಲ್ಲ ಸರಿಯಾಗೇ ಇದೆ. ಅದಕ್ಕೇ ಮಾಡ್ದೆ."

ಅತ್ತ ಕಡೆ ಹಿಂದೆಲ್ಲೋ ಅಮ್ಮ ಮಾತ್ರ ತನ್ನ ಪಾಡಿಗೆ ಓದುತ್ತಿದ್ದಳು.

"ಅಮ್ಮ ಓದ್ತಿದ್ದಾಳೆ," ಎಂದಳು ತಂಗಿ. "ಅಧ್ಯಾಯ ಮುಗೀಲಿ. ನಾನೇ ಮಾಡ್ತೀನಿ."

ಹನ್ನೆರಡನೇ ಅಧ್ಯಾಯ ಮುಗಿಯಲು ಇನ್ನೂ ಇಪ್ಪತ್ತೆರಡು ನಿಮಿಷವಿತ್ತು. ಅಕ್ಕ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು.